ನಲವತ್ತು ದೀಪಗಳ ಲೆಕ್ಕ

ಬೋಳೂರಿನ ಹಂಚಿನ ಕಾರ್ಖಾನೆಯ ಫೋರ್‌ಮನ್ ಹಿಲರಿ ಸೋನ್ಸರು
ಭಾನುವಾರದ ಪೂಜೆ ಮುಗಿಸಿ, ಕೋಟು ಕಳಚದೆ
ಗುರುಪುರ ಹೊಳೆಯ ಕೆಸರಿಗೆ ಇಳಿಯುತ್ತಿದ್ದರು.
ಬಿದಿರ ಗಳುವಿಗೆ ಹಂಚಿನ ಚೂರಲ್ಲಿ ಎಳೆದ ಕೆಂಪು ಗೀಟು,
ಗಳು ಹಿಡಿದು ನಿಲ್ಲಲು ನಾನು:
ಗಂಟೆಗೊಂದು ಕಾಸು, ಜಾರಿಬಿದ್ದರೆ ಬೈಗುಳ ಬಿಟ್ಟಿ.

“ಎಷ್ಟು?”
“ಮೂರೂವರೆ, ಸಾರ್.”
“ಕಣ್ಣಲ್ಲಿ ನೋಡು, ಬಾಯಲ್ಲಲ್ಲ.”
“ಮೂರೂಕಾಲು.”

ನಮ್ಮ ಕಡಲಿಗೆ ಉಸಿರು ಗಿಡ್ಡ. ಅದು ಅವರಿಗೂ ಗೊತ್ತಿತ್ತು.
ಎಲ್ಲೋ ಬಿಳಿಯರ ಸೀಮೆಯಲ್ಲಿ ಆರಾಳು ಎತ್ತರ ಏರುವ ನೀರಿಗೆ
ಕಟ್ಟೆ ಕಟ್ಟುವ ಮಾತು ನಡೆದಿದೆಯಂತೆ;
ಇಲ್ಲಿ ಭರತವೆಂದರೆ ನನ್ನ ಮೊಣಕಾಲಿಂದ ಎದೆಗೆ.
ಆದರೂ ಬರೆದರು: ಬೆಂಗರೆಯಿಂದ ಈ ದಡಕ್ಕೊಂದು ಕಟ್ಟೆ,
ಏಳು ಕಿಂಡಿ, ಬೋಗಿ ಮರದ ಬಾಗಿಲು,
ನೀರು ಬರುವಾಗೊಮ್ಮೆ ಹೋಗುವಾಗೊಮ್ಮೆ ತಿರುಗುವ ಚಕ್ರ.
ಕೂಡಿ, ಕಳೆದು, ತುಕ್ಕಿಗೆಂದು ಕಾಲುಪಾಲು ಬಿಟ್ಟು
ಉಳಿದದ್ದು ನಲವತ್ತು ದೀಪ.

ದೋಣಿಗಟ್ಟೆಗೆ ಎರಡು. ಸೂಲಗಿತ್ತಿ ಬೀಫಾತುಮ್ಮಳ ಬಾಗಿಲಿಗೊಂದು.
ಭಟ್ಟಿಯ ಬಾಯಲ್ಲಿ ರಾತ್ರಿಪಾಳಿಯವರಿಗೆ ಆರು,
ಹೋದ ವರ್ಷ ಅಲ್ಲೊಬ್ಬನ ಕೈ ಹೋಗಿತ್ತು, ಕತ್ತಲಲ್ಲಿ.
ಇಗರ್ಜಿಗೆ, ಮಸೀದಿಗೆ, ಗುಡಿಗೆ ಸರಿಸಮ.
ತಮ್ಮ ಮನೆಗೊಂದು ಬರೆದು, ಹೊಡೆದು,
ಮತ್ತೆ ಬರೆದು ಹೊಡೆದಿದ್ದರು.

ತೊಡಕೆಂದರೆ, ಕಡಲಿಗೆ ಗಡಿಯಾರ ತಿಳಿಯದು.
ಇಂದು ಏಳಕ್ಕೆ ಹತ್ತಿದ ದೀಪ ನಾಳೆ ಏಳೂ ಐವತ್ತಕ್ಕೆ,
ನಾಡಿದ್ದು ಊಟ ಮುಗಿದು ಚಾಪೆ ಹಾಸಿದ ಮೇಲೆ.
ಅದ್ದು ಬ್ಯಾರಿ ದೋಣಿಯಿಂದಲೇ ನಕ್ಕ:
“ಅದಕ್ಕೇನು ಪೊರ್ಬುಗಳೇ, ನಾನು ಏಳುವುದೂ ಹಾಗೇ.”

ಚಂದು ಮರಕಾಲ್ತಿ ನಗಲಿಲ್ಲ. ಬುಟ್ಟಿ ಇಳಿಸಿ ಕೇಳಿದಳು:
“ಬಾಗಿಲು ಹಾಕಿದರೆ ನನ್ನ ಮರುವಾಯಿ ಏನು ಕುಡಿಯಬೇಕು?”
ಪೊರ್ಬುಗಳು ಪೆನ್ಸಿಲಿನ ತುದಿ ನೆಕ್ಕಿದರು.
ಆ ಪುಟದಲ್ಲಿರುವುದು ಅಷ್ಟೇ: “ಮರುವಾಯಿ?”
ಕೆಳಗೊಂದು ಉದ್ದ ಭಾಗಾಕಾರ, ಅರ್ಧಕ್ಕೆ ನಿಂತದ್ದು.

ಕಲೆಕ್ಟರರ ಕಚೇರಿಯಿಂದ ಉತ್ತರ ಬಂತು.
ಒಂದು ಸಾಲು. ಅದರಲ್ಲಿ ಅವರ ಹೆಸರೂ ತಪ್ಪು.
ಗಳು ಕೀಳಬೇಕೆಂದು ಮಾತ್ರ ಯಾರೂ ಹೇಳಲಿಲ್ಲ;
ಎಂದೋ ತಾನೇ ಕೊಳೆತಿತು.

ಈಗ ಬೆಂಗರೆಯ ದೀಪವೆಲ್ಲ ಒಟ್ಟಿಗೆ ಹತ್ತುತ್ತವೆ, ದಿನಾ ಆರೂವರೆಗೆ,
ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಕೇಳದೆ.
ನನಗೋ ರಾತ್ರಿ ಎಚ್ಚರವಾಗುತ್ತದೆ,
ದಿನಕ್ಕೆ ಐವತ್ತು ನಿಮಿಷ ತಡವಾಗಿ.
ಹಾಸಿಗೆಯಲ್ಲೇ ಅಂಗಾಲಿಗೆ ಕೆಸರು ತಣ್ಣಗೆ ತಾಗುತ್ತದೆ.

ಮೂರೂಕಾಲು, ಸಾರ್.
ಕಣ್ಣಲ್ಲೇ ನೋಡಿದ್ದು.