ಐದನೆಯ ರಕಾತು

ಪಳ್ಳಿಗೂ ನಮ್ಮ ಅಡುಗೆಕೋಣೆಗೂ ನಡುವೆ ಒಂದೇ ಗೋಡೆ.
ಕೆಂಪುಕಲ್ಲಿನದು. ಮೇಲೆ ಪಾಚಿ, ಪಾಚಿಯ ಮೇಲೆ
ಮುಕ್ರಿ ಬಾಪುಂಞಿ ಒಣಹಾಕಿದ ಲುಂಗಿ.
ಇಶಾ ಹೊತ್ತಿಗೆ ಚಂದ್ರಗಿರಿ ಹೊಳೆಯ ಕಡೆಯ ಗಾಳಿ ಬಿಟ್ಟರೆ
ಉಪ್ಪನ ಓದು ಬಂದು ತೊಳೆದಿಟ್ಟ ತಟ್ಟೆಗಳ ಮೇಲೆ ಕೂರುತ್ತದೆ.

ನಾನು ಟೊಪ್ಪಿ ಹೊಲಿಯುತ್ತಿರುತ್ತೇನೆ. ಬಿಳಿ ಬಟ್ಟೆ, ಬಿಳಿ ನೂಲು.
ತಪ್ಪಿದರೆ ಕಣ್ಣಿಗೆ ಕಾಣದು,
ಬೆರಳಿಗೆ ಗೊತ್ತಾಗುತ್ತದೆ.

ಮೊದಲೆರಡು ರಕಾತು ದನಿಯೆತ್ತಿದ ಓದು, ಆಮೇಲಿನೆರಡು ಮೌನ.
ಮೌನದಲ್ಲಿ ನಾನು ಲೆಕ್ಕ ಹಿಡಿಯುವುದು ತಕ್ಬೀರಿನ ಉದ್ದದಿಂದ.
ಕೂರುವುದಕ್ಕೆ ಗಿಡ್ಡ 'ಅಲ್ಲಾಹು ಅಕ್ಬರ್'.
ಏಳುವುದಕ್ಕೆ ಉದ್ದದ್ದು:
ಎಡಮೊಣಕಾಲು ನೆಟ್ಟಗಾಗುವ ತನಕ ಎಳೆಯಬೇಕು ಅದನ್ನು,
ನಡುವೆ ಎಲ್ಲೋ ಉಸಿರು ಮುರಿಯುತ್ತದೆ
ಒಣಗಿದ ಮಡಲು ಮುರಿದ ಹಾಗೆ.

ಮೊನ್ನೆ ನಾಲ್ಕನೆಯದರ ಕೊನೆಗೆ
ಗಿಡ್ಡದು ಬರಬೇಕಾದಲ್ಲಿ ಉದ್ದದ್ದು ಬಂತು.

ಸೂಜಿ ನಿಂತಿತು.

ಗೋಡೆಯಾಚೆ ಎರಡು ಸಾಲು ಗಂಡಸರು.
ಪೋಕರ್ ಹಾಜಿ ಇದ್ದಾರೆ, 'ಉಸ್ತಾದರಿಗೆ ವಯಸ್ಸಾಯಿತು' ಎಂದು
ಕಮಿಟಿಯಲ್ಲಿ ಎರಡು ಸಲ ಎತ್ತಿದವರು.
ಐಸ್ ಫ್ಯಾಕ್ಟರಿಯ ಹುಡುಗರಿದ್ದಾರೆ, ಉಪ್ಪನಿಂದಲೇ ಅಲಿಫ್ ಕಲಿತವರು,
ಒಂದು ಅಕ್ಷರ ಜಾರಿದ್ದಕ್ಕೆ ಅವನ ಬೆತ್ತ ತಿಂದವರು.
ಯಾರೂ ಬಾಯಿ ಬಿಡಲಿಲ್ಲ.
ಮರ್ಯಾದೆಯೋ, ಕಾದು ನೋಡುವುದೋ,
ಗೋಡೆಯ ಈಚೆಗೆ ತಿಳಿಯುವುದಿಲ್ಲ.

ತಪ್ಪಿದವನಿಗೆ ತಪ್ಪಿದೆ ಅನ್ನುವಂತಿಲ್ಲ ಅಲ್ಲಿ.
'ಸುಬ್‌ಹಾನಲ್ಲಾಹ್' ಅನ್ನಬೇಕು, ಅಷ್ಟೇ.
ಕೊರತೆಯಿಲ್ಲದವನು ಮೇಲಿನವನೊಬ್ಬ.
ಸರೋಜಿನಿ ಟೀಚರ ಕೆಂಪು ಶಾಯಿಗೆ ಇಂಥದೊಂದು ಮಾತು ಗೊತ್ತಿದ್ದರೆ
ನಾನು ಇನ್ನೆರಡು ವರ್ಷ ಓದುತ್ತಿದ್ದೆನೇನೋ.

ಹೆಂಗಸರಿಗೆ ಆ ಮಾತೂ ಇಲ್ಲ, ಚಪ್ಪಾಳೆ.
ಉಮ್ಮ ಕಲಿಸಿದ್ದು: ಅಂಗೈಗೆ ಅಂಗೈ ಅಲ್ಲ, ಅದು ಆಟ;
ಬಲದ ಅಂಗೈ ಎಡಗೈಯ ಬೆನ್ನಿಗೆ.
ಉಪ್ಪ ಮನೆಯಲ್ಲಿ ಮುಂದೆ ನಿಂತ ದಿನಗಳಲ್ಲಿ
ಅವಳು ತಟ್ಟಿದ್ದು ಒಂದೆರಡು ಸಲ, ನೊಣ ಓಡಿಸಿದಷ್ಟು ಮೆಲ್ಲಗೆ.
ಆಮೇಲೆ ಬಂಗುಡೆಯ ಹೊಟ್ಟೆ ಬಗೆಯುತ್ತ ಹೇಳುವಳು:
ನಡುವಿನ ಅತ್ತಹಿಯ್ಯಾತು ಮರೆತು ಎದ್ದನೋ, ನೆಟ್ಟಗೆ ನಿಂತಾಯಿತೋ,
ಮತ್ತೆ ಎಳೆದು ಕೂರಿಸಬಾರದು. ನೀನೂ ಎದ್ದು ಜೊತೆಗೆ ನಿಲ್ಲು.
ಐದನೆಯದಕ್ಕೆ ಎದ್ದನೋ, ಹೋಗಬೇಡ.
ಕೂತಿರು. ಕರೆ. ಕಾದಿರು.

ನನ್ನನ್ನು ಉಪ್ಪಳಕ್ಕೆ ಕೊಟ್ಟದ್ದು ಯಾವ ಬಗೆಯದು
ಎಂದು ಅವಳಿದ್ದಾಗ ಕೇಳಲಿಲ್ಲ.
ಶಾರ್ಜಾದ ಗಂಡು. ಹನ್ನೊಂದು ತಿಂಗಳು.
ನಿಕಾಹಿನ ಹೊತ್ತಲ್ಲಿ ಒಳಕೋಣೆಯಲ್ಲಿ ಉಮ್ಮ
ಕೈಯ ಬೆನ್ನಿಗೆ ಕೈ ತಟ್ಟುತ್ತಿದ್ದಳು,
ಮದರಂಗಿ ಉದುರಿಸುತ್ತಿದ್ದಾಳೆ ಅಂದುಕೊಂಡರು ಎಲ್ಲ.
ಉಪ್ಪ ಆಗಲೇ ನೆಟ್ಟಗೆ ನಿಂತಾಗಿತ್ತು.

ಬ್ಯಾಗು ಹಿಡಿದು ಮರಳಿದ ರಾತ್ರಿ ಅವನು ಏನೂ ಹೇಳಲಿಲ್ಲ.
ಮರುದಿನ ಹೊಲಿಗೆಯಂತ್ರ ತಂದ.
ಅಲ್ಲಾಡುವ ಕಾಲಿನಡಿಗೆ ರಟ್ಟು ಮಡಚಿ ಇಡಲು
ಎರಡು ಸಲ ನೆಲಕ್ಕೆ ಬಾಗಿದ, ಹಣೆ ಮುಟ್ಟುವಷ್ಟು.

ಮೊನ್ನೆ
ನನ್ನ ಬಲಗೈ ಎಡಗೈಯ ಬೆನ್ನಿಗೆ ಬಿತ್ತು.
ಬೆರಳಲ್ಲಿ ಸೂಜಿಯಿದ್ದದ್ದು ಮರೆತಿದ್ದೆ.
ನಾನು ಜಮಾಅತಿನಲ್ಲಿಲ್ಲ, ವುಳು ಕೂಡ ಇಲ್ಲ,
ನನ್ನ ಚಪ್ಪಾಳೆ ಯಾವ ಲೆಕ್ಕದ್ದೂ ಅಲ್ಲ.
ಆಗ ಹಿಂದಿನ ಸಾಲಿನಿಂದ ಬಾಪುಂಞಿ,
ಬಾಂಗು ಕೊಡುವಾಗ ಬಿಟ್ಟರೆ ಉಳಿದೆಲ್ಲ ಹೊತ್ತು ತೊದಲುವ ಬಾಪುಂಞಿ,
'ಸು... ಸುಬ್... ಸುಬ್‌ಹಾ...'
ಅವನದು ಮುಗಿಯುವ ಮೊದಲೇ ಒಬ್ಬ ಹುಡುಗ ಸೇರಿದ, ಇನ್ನೊಬ್ಬ,
ಕೊನೆಗೆ ಪೋಕರ್ ಹಾಜಿಯ ಗಡಸು ಗಂಟಲೂ.

ಮೊಣಕಾಲು ಚಾಪೆಗೆ ತಗಲಿದ ಸದ್ದು.
ಬಹಳ ಹೊತ್ತು ಏನಿಲ್ಲ.
ಮರೆವಿಗೆಂದು ಎರಡು ಸುಜೂದು.
ಸಲಾಮು ಬಲಕ್ಕೆ, ಆಮೇಲೆ ಎಡಕ್ಕೆ.
ಎಡಕ್ಕೆ ಅಂದರೆ ನಮ್ಮ ಗೋಡೆ.

ಗಂಜಿಗೆ ಕೂತವನು ಟೊಪ್ಪಿಯ ಮೇಲಿನ ಚುಕ್ಕೆ ನೋಡಿದ.
'ರಕ್ತ.'
'ಒಗೆದರೆ ಹೋಗುತ್ತದೆ ಉಪ್ಪ.'
ಕೈ ತೊಳೆಯುತ್ತ, ನೀರನ್ನು ಕೇಳಿದ ಹಾಗೆ ಕೇಳಿದ:
'ಬಾಪುಂಞಿಯ ತಲೆಯ ಅಳತೆ ಎಷ್ಟಿರಬಹುದು?'