ಕರಿ ನಾಕು

ಸೊಲ್ಲಾಪುರದ ಗಿರಣಿ ಭೋಂಗಾ ಹೊಡೀತಂದ್ರ
ಆ ಹುಡುಗಿ ಅದರ ಸುರಕ್ಕ ಸುರ ಹಚ್ಚಿ ನಿಂತಿರತಿದ್ಲು,
ಭೋಂಗಾ ದಣದು ನಿಂತ ಮ್ಯಾಲೂ
ಇನ್ನೊಂದು ಗಳಿಗಿ.

ದಾವಲಬಿ. ಹಳಿಯಾಳದ ಕಾಡಿನಿಂದ ಬಂದ
ಸಿದ್ದಿ ಹೆಣಮಗಳು ಇಮಾಮಬಿಯ ಮಗಳು.
ಪಾಳಿ ಮುಗಿಸಿ ಬರೂಮುಂದ ಅವ್ವನ
ಹುಬ್ಬು, ರೆಪ್ಪಿ, ತಲಿತುಂಬ ಅರಳಿಯ ಧೂಳು;
ಮಗಳು ಉಫ್ ಉಫ್ ಅಂತ ಊದಿ ಊದಿ
ಬಿಳುಪಿನೊಳಗಿಂದ ಅವ್ವನ್ನ ಹೊರಗ ತಗೀತಿದ್ಲು.
ಆಮ್ಯಾಲ ರೊಟ್ಟಿ ಪರಾತ ಬೋರಲ ಹಾಕಿ
ಇಬ್ಬರೂ ಬಡೀತಿದ್ರು, ಅದs ಅವರ ಡಮಾಮಿ.
ಚಾಳಿನವರು ಬೈತಿದ್ರು, ಮೂರು ಭಾಷಾದಾಗ.

ನಮ್ಮ ನಾಟಕ ಕಂಪನಿಗೆ ನೀರು ಹೊರಾಕ ಬಂದಾಗ
ಅಕಿಗೆ ಹನ್ನೊಂದು.
ಪೇಟಿ ಮಾಸ್ತರ ಗುರಪಾದಪ್ಪ ಕೊಡ ಇಳಿಸಿ ಹಾಡಿಸಿದ,
ಬೆರಳಾಡಿಸಿ ಹುಡುಕಿ, "ಕರಿ ನಾಕು!" ಅಂದ.
ಹುಡುಗಿ ಕೊಡ ಎತಗೊಂಡು ಹೊಂಟೇಬಿಟ್ಲು.
ಸಾಲ್ಯಾಗ ಕರದ ಹೆಸರಿನ ಸಾಲಿಗೆ
ಇದೂ ಒಂದು ಅಂತ ತಿಳದು.
ಮಾಸ್ತರ ಬಾಗಲತನಕ ಓಡಿದ:
"ಪೇಟಿ ಮಾತವ್ವಾ ಇದು. ಈ ಕರಿ ಮನಿ ಇರದಿದ್ರ
ನನಗ ಅನ್ನ ಇಲ್ಲ."

ಎರಡು ವರ್ಷ ಪರದೆ ಹಿಂದ ಹಾಡಿದ್ಲು.
ಮುಂದ ಗುಲಾಬಿ ಬಣ್ಣದ ನಾಯಕಿ ತುಟಿ ಆಡಸಾಕಿ;
ಹೂವು, ಬೆಳ್ಳಿ ರೂಪಾಯಿ ಅಕಿ ಕಾಲಿಗೆ.
ದಾವಲಬಿಗೆ ರಾತ್ರಿಗೆ ಎರಡಾಣೆ, ಒಂದು ಕಡಕ್ ರೊಟ್ಟಿ,
ಬಾಯಿಬಿಟ್ಟು ಕೇಳಿದ್ರ ಶೇಂಗಾ ಚಟ್ನಿ.

ನಾನು ಪರದೆ ಎಳಿಯಾಂವ.
ಅಕ್ಕಲಕೋಟಿ ಕ್ಯಾಂಪಿನ್ಯಾಗ ಒಂದು ಶನಿವಾರ
ಅರಮನಿ ಪರದೆ ನಡುಹಾಡಿನಾಗ ಮ್ಯಾಲೆದ್ದಿತು.
ಅಲ್ಲಿ ನಿಂತಿದ್ಲು. ಎಡಗೈ ಕಿವಿಗೆ, ಕಣ್ಣು ಮುಚ್ಚಿ,
ಅವ್ವನ ಹಳಿ ಸೀರಿ ಹರದು ಹೊಲದ ಪರಕಾರ, ಬರಿಗಾಲು.
ನಾಯಕಿ ತುಟಿ ನಿಂತವು.
ಹಾಡು ನಿಲ್ಲಲಿಲ್ಲ.
ಗ್ಯಾಸಬತ್ತಿ ಸುಂಯ್ ಅನ್ನೂದು ಕೇಳೂವಷ್ಟು ಜನ ಗಪ್.
"ಅಯ್ಯs, ಇಕಿ!" ಅಂದಿತು ಖುರ್ಚಿ ಸಾಲಿನ ಒಂದು ದನಿ.
ನೆಲದ ಮ್ಯಾಲೆ ಕೂತ ಒಂದಾಣೆ ಟಿಕೀಟಿನವರು
ಯಾರೋ ತೊಡಿ ಮ್ಯಾಲೆ ತಾಳ ಹಿಡದ್ರು.
ಮಾಸ್ತರ ಭಾತಾ ಬಿಡಲಿಲ್ಲ.
ಅಕಿ ಕಣ್ಣು ತಗದಾಗ ಹಾಡು ಮುಗದಿತ್ತು.

ಮರುದಿನ ಬಣ್ಣದ ವೆಂಕೋಬ
ತಾಟಿನ ತುಂಬ ಸಫೇದಾ ಪುಡಿ ಹಿಡಕೊಂಡು ಬಂದ:
"ಮಾಲಕರು ಹೇಳ್ಯಾರ, ಕೊರಳತನಕ ಬಡಿ ಅಂತ."
ದಾವಲಬಿ ತಾಟು ನೋಡಿದ್ಲು.
ಉಫ್ ಅಂತ ಊದಿದ್ಲು.
ವೆಂಕೋಬನ ಮೀಸಿ ಎರಡು ದಿನ ಬೆಳ್ಳಗಿತ್ತು.

ಹಗ್ಗ ಜಾರಿತ್ರೀ, ಅಂತ ಮಾಲಕರಿಗೆ ಅವತ್ತs ಹೇಳೀನಿ.
ಎಂಟಾಣೆ ದಂಡ ಹಾಕಿದ್ರು. ಕೊಟ್ಟೆ.
ಲೆಕ್ಕ ಮಾಡಿದ್ರ,
ಅಕಿಯ ನಾಕು ರಾತ್ರಿ ಪಗಾರ.