ಒಂದೂವರಿ ಚುಕ್ಕಿ

ಗುರಪಾದ, ಫೋನ್ ಈ ಕಡೆ ತಾ.
ಐದಕ್ಕ ಒಂದೂವರಿ ಚುಕ್ಕಿ ಕೊಟ್ಟೀಯಲ್ಲ,
ಆ ಅರ್ಧ ಯಾವುದಕ್ಕ, ಅದನ್ನ ಹೇಳು ಮೊದಲ.
ಇಂಟರ್ವಲ್‌ದಾಗಿನ ಮಿರ್ಚಿಗೋ?

ತಪ್ಪು ನಾನೂ ಎಣಿಸೀನಿ, ಸುಳ್ಳು ಯಾಕ.
ಹೀರೋನ ವಿಗ್ಗು ಸೀನಿಗೊಂದು ಬಣ್ಣ.
ಎರಡನೇ ಹಾಡಿಗೆ ನಾನೂ ಹೊರಗ ಹೋಗಿ
ಕಾಲು ಝಾಡಿಸಿ ಬಂದೆ.
ನಗಸಾಕ ಬಂದವ ನಗಸಲಿಲ್ಲ.
ಹನ್ನೊಂದು ಮಂದಿ ಇದ್ವಿ ಥೇಟರಿನ್ಯಾಗ,
ಅದರಾಗ ಒಬ್ಬ ಬಿಸಲಿಗೆ ಅಂಜಿ ಬಂದು ಮಲಗಿದವ.

ಆದರ ಕಡೀ ಸೀನು.

ಮೂಲದಾಗ ಸಮುದ್ರ ಐತಿ, ಗೊತ್ತು.
ಹೆಂಡತಿ ಮಣ್ಣು ಮುಗಿಸಿ ಡ್ರೈವರ್ ದಂಡಿಗೆ ಹೋಗತಾನ,
ತೆರಿ ಮ್ಯಾಲ ತೆರಿ, ಅವನ ಒದರಾಟ,
ಹಿಂದ ನಲವತ್ತು ಪಿಟೀಲು.
ನೀನೂ ಅತ್ತಿ, ನಾನೂ ಅತ್ತೆ,
ನನ್ನ ಸೆರಗು ಹಿಂಡಿದರ ಒಂದು ಚರಗಿ ತುಂಬತಿತ್ತು.

ನಮ್ಮವರಿಗೆ ಸಮುದ್ರ ಎಲ್ಲೈತಿ?
ಬಸ್ ತಂದು ಹಿನ್ನೀರಿನ ಬಾಜೂಕ ನಿಲ್ಲಿಸ್ಯಾನ.
ತೆರಿ ಇಲ್ಲ. ಒಂದು ಎಮ್ಮಿ ನೀರಾಗ ಕುಂತೈತಿ.
ಸೀಟಿನ ಕೆಳಗಿಂದ ಊಟದ ಡಬ್ಬಿ ತಗದ,
ಆಕಿ ಕಟ್ಟಿ ಕೊಟ್ಟದ್ದು, ಮೂರು ದಿನದ ಹಿಂದಿಂದು.
ಮುಚ್ಚಳ ಬಿಚ್ಚಿದ, ಒಳಗ ನೋಡಲಿಲ್ಲ.
ಉಸುಕು ಹಾಕಿ ತಿಕ್ಕಿದ.
ತೊಳದ. ಮತ್ತ ತೊಳದ.
ಝಾಡಿಸಿ, ಅಂಗೀಲೆ ಒರಸಿ
ಇದ್ದಲ್ಲೇ ಇಟ್ಟ. ಹಾರ್ನ್ ಹೊಡದ.
ಪಿಚ್ಚರ್ ಮುಗೀತು.

‘ಕ್ಲೈಮ್ಯಾಕ್ಸಿನ್ಯಾಗ ದಮ್ ಇಲ್ಲ, ಭಾಂಡೆ ತೊಳಿಯೂದು ತೋರಿಸ್ಯಾರ’
ಅಂತ ಬರದೀಯಲ್ಲ,
ಅವ್ವ ಹೋದ ದಿನ ಅಪ್ಪ ಏನ್ ಮಾಡಿದ, ನೆನಪೈತೇನು?
ನೀ ಸಣ್ಣಾವ, ಕಾಕಾನ ಹೆಗಲ ಮ್ಯಾಲ ಮಲಗಿದ್ದಿ.
ಮಂದಿ ಅವನ ಅಳು ಕಾಯ್ಕೊಂಡು ಕುಂತಿದ್ರು,
ಅಪ್ಪ ಹಿತ್ತಲದಾಗ ಪಿನ್ನು ಹಿಡದು
ಸ್ಟೋವಿನ ಬರ್ನರ್ ಸ್ವಚ್ಛ ಮಾಡಾಕ ಹತ್ತಿದ್ದ.
ಮುಂಜಾನಿ ಆಕಿ ಅಂದಿದ್ಲಂತ,
ಉರಿ ಯಾಕೋ ಕೆಂಪ ಬರಾಕ ಹತ್ತೈತಿ ನೋಡ್ರಿ, ಅಂತ.
ಇವಂಗ ಹುಚ್ಚ ಹಿಡದೈತಿ, ಅಂದ್ಲು ದೊಡ್ಡವ್ವ.
ಅಪ್ಪಗ ಎಷ್ಟು ಚುಕ್ಕಿ ಕೊಡ್ತಿ?

ರಿಮೇಕ್, ರಿಮೇಕ್ ಅಂತಿ.
ನಾವು ಕುಂತದ್ದು ಎಲ್ಲಿ, ನವನಗರದಾಗ.
ಇಡೀ ಊರಿಗೆ ಊರು ಎರಡನೇ ಸಲ ತಗದದ್ದು ಇದು,
ಮೂಲ ಬಾಗಲಕೋಟೆ ಒಂದು ಪಾಲು ನೀರಾಗೈತಿ.
ಬಂದ ಹೊಸತಿಗೆ ಎಲ್ಲಾರೂ ಏನಂದ್ರು?
ಓಣಿಗೆ ಹೆಸರಿಲ್ಲ, ಬರೇ ನಂಬರ.
ಕೂಡಾಕ ಕಟ್ಟಿ ಇಲ್ಲ, ಬೇವಿನ ಗಿಡ ಮೊಣಕಾಲಮಟ್ಟ.
ರೊಟ್ಟಿ ಸುದ್ದಾ ರುಚಿ ಹತ್ತವಲ್ಲದು ಅಂದ್ಲು ಅಜ್ಜಿ,
ಅದೇ ಜ್ವಾಳ, ಅದೇ ಹಂಚು.
ಈಗ ಅದೇ ಬೇವಿನ ನೆರಳಿಗೆ ಗಾಡಿ ನಿಲ್ಲಿಸಾಕ
ಬಾಜೂ ಮನಿಯವರ ಜೋಡಿ ದಿನಾ ಜಗಳಾಡತಿ ನೀ.

ಇಷ್ಟಕ್ಕ ಬಿಟ್ಟರ ವಕೀಲರ ಮಾತಾಗತೈತಿ.
ಇನ್ನೊಂದು ಐತಿ, ಯಾರಿಗೂ ಹೇಳಿಲ್ಲ.

ಮೂವತ್ತೊಂದು ವರ್ಷ ಮಾರ್ಕ್ಸ್ ಹಾಕಿದ ಕೈ ಇದು.
ಕಲಾದಗಿ ಸಾಲ್ಯಾಗ ದಾದಾಪೀರ ಅಂತ ಒಬ್ಬಾವ
ಬಾಜೂದ ಹುಡುಗನ ಲೆಕ್ಕ ನೋಡಿ ಬರದಿದ್ದ. ಸಿಕ್ಕಬಿದ್ದ.
ರಾತ್ರಿ ಎರಡೂ ಪೇಪರ್ ಜೋಡಿಸಿ ಇಟ್ಟು ನೋಡಿದೆ.
ಅದೇ ಗೆರಿ, ಅದೇ ಕಾಟು, ಸಾಲಿಗೆ ಸಾಲು ಅದೇ.
ನಾಕನೇ ಸಾಲಿನ್ಯಾಗ ಆ ಹುಡುಗ
ದಶಕ ಕೂಡಿಸೂದು ಮರತಿದ್ದ,
ಇವ ಮರತಿರಲಿಲ್ಲ.
ಉತ್ತರ ಇವಂದು ಬರೋಬ್ಬರಿ ಇತ್ತು.

ಅವಂಗ ಹತ್ತಕ್ಕ ಆರು,
ಇವಂಗ ಸೊನ್ನಿ.
ಕೆಂಪು ಪೆನ್ನು ನಂದು.

ಗುರುವಾರ ಕಡೀ ಆಟ ಅಂತ. ನಡಿ, ಟಿಕೀಟು ನಾ ತಗಸ್ತೀನಿ.
ಡಬ್ಬಿ ಒಳಗ ಏನಿತ್ತು, ಅವ ನೋಡಂಗಿಲ್ಲ,
ನಮಗ ತೋರಸ್ತಾರ, ಒಂದು ಕ್ಷಣ.
ನೀ ಆವಾಗ ಫೋನ್ ನೋಡಾಕ ಹತ್ತಿದ್ದಿ.